ಕೆಮ್ಮಣ್ಣಿನಲ್ಲಿ ನಾನು ಸಾಯಿಸಿದ ಮನುಷ್ಯ

ಸಮಾಜಸೇವೆ ಮಾಡಬೇಕೆಂಬ ಆಸೆ ನನಗೆ ಯಾವತ್ತೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಹೊಗಳುವುದು ಬೇಡ. ಉಡುಪಿಯ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ, ಪ್ರತಿಯೊಬ್ಬರೂ ಅರವತ್ತು ಗಂಟೆ ಸಮುದಾಯ ಸೇವೆ ಮಾಡಲೇಬೇಕು, ಇಲ್ಲದಿದ್ದರೆ ಮಾರ್ಕ್ಸ್ ಕಾರ್ಡ್ ಸಿಗುವುದಿಲ್ಲ ಎಂದು ನೋಟಿಸ್ ಬೋರ್ಡಿನಲ್ಲಿ ಬಂತು. ಅದಕ್ಕೆ ಸ್ವಯಂಸೇವೆ ಎಂದು ಹೆಸರು. ಅದರಲ್ಲಿ ಸ್ವಯಂ ಎಲ್ಲಿತ್ತೋ ದೇವರಿಗೇ ಗೊತ್ತು.

ಪಟ್ಟಿಯೇನೋ ಚೆನ್ನಾಗಿತ್ತು. ಕಾಪು ಬೀಚಿನಲ್ಲಿ ಕಸ ಹೆಕ್ಕುವುದು. ಅದಕ್ಕೆ ಟೀ ಶರ್ಟ್, ಟೊಪ್ಪಿ, ಮಧ್ಯಾಹ್ನ ಬಿರಿಯಾನಿ. ಮಣಿಪಾಲದ ರಕ್ತದಾನ ಶಿಬಿರದಲ್ಲಿ ಮೇಜಿನ ಹಿಂದೆ ಕುಳಿತು ಫಾರಂ ತುಂಬಿಸುವುದು. ಅಲ್ಲಿ ಫ್ಯಾನಿನ ಗಾಳಿಯಾದರೂ ಇತ್ತು. ನನ್ನೂರು ಕಾರ್ಕಳದ ಬೆಟ್ಟದಲ್ಲಿ ಪ್ಲಾಸ್ಟಿಕ್ ಆರಿಸುವ ಕೆಲಸವೂ ಇತ್ತು. ಅದು ಸಿಕ್ಕಿದ್ದರೆ ಮನೆಯಿಂದ ನಡೆದುಕೊಂಡೇ ಹೋಗಿ ಬರಬಹುದಿತ್ತು. ಆದರೆ ಹೆಸರು ಬರೆಸುವ ದಿನವೇ ನನ್ನ ಬಸ್ಸು ಮಣಿಪಾಲದ ಹತ್ತಿರ ಕೆಟ್ಟು ನಿಂತಿತು. ನಾನು ಕಾಲೇಜು ಮುಟ್ಟುವಾಗ ಉಳಿದದ್ದು ಒಂದೇ ಸಾಲು: ಅಂಬಲಪಾಡಿಯಲ್ಲಿ ಕಣ್ಣು ಕಾಣದ ಹಿರಿಯರೊಬ್ಬರಿಗೆ ಪ್ರತಿ ಶನಿವಾರ ಪತ್ರಿಕೆ ಓದಿ ಹೇಳುವುದು.

"ನಿನ್ನದು ದೊಡ್ಡ ಸ್ವರ ಉಂಟಲ್ಲ, ನಿನಗೆ ಇದೇ ಸರಿ," ಎಂದರು ಉಸ್ತುವಾರಿಯ ಸರ್. ಇಡೀ ಕ್ಲಾಸು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು, ಆದರೂ ಸಹಿ ಹಾಕಿದೆ.

ಆ ಹಿರಿಯರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಕಾರ್ಕಳ, ಮಣಿಪಾಲ, ಕಾಪು, ಕೆಮ್ಮಣ್ಣು ಎಂದು ಸುತ್ತಮುತ್ತ ಅವರು ಓಡದ ರೂಟ್ ಇರಲಿಲ್ಲ. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ಮಗಳ ಜೊತೆ ಇದ್ದರು. ಮಗಳ ಗಂಡ ಕತಾರಿನಲ್ಲಿ, ಮಗಳಿಗೆ ಮಣಿಪಾಲದ ಒಂದು ಕಚೇರಿಯಲ್ಲಿ ಕೆಲಸ. ನಾನು ಅವರನ್ನು ಅಜ್ಜ ಎಂದೂ ಮಗಳನ್ನು ಅಕ್ಕ ಎಂದೂ ಕರೆದೆ. ಶನಿವಾರ ಒಂಬತ್ತಕ್ಕೆ ನಾನು ಗೇಟು ದಾಟುವುದು, ಅಕ್ಕ ನನ್ನ ಹಾಜರಿ ಹಾಳೆಗೆ ಸಹಿ ಹಾಕಿ ಬಸ್ಸಿಗೆ ಓಡುವುದು, ಹೀಗೆ ಶುರುವಾಯಿತು.

ಮೊದಲ ದಿನ ನಾನು ಮುಖಪುಟದಿಂದ ಓದಲು ಹೊರಟೆ. ಅಜ್ಜ ಕೈ ಎತ್ತಿ ನಿಲ್ಲಿಸಿದರು.

"ಅದೆಲ್ಲ ಟಿವಿಯಲ್ಲಿ ಬೊಬ್ಬೆ ಹೊಡೀತಾರೆ ಮಗಾ. ನೀನು ಸತ್ತವರ ಪುಟ ತೆಗಿ."

ನಮ್ಮ ಕಡೆಯ ಪತ್ರಿಕೆಗಳಲ್ಲಿ ಹಾಗೊಂದು ಪುಟ ಇರುತ್ತದೆ. ಯಾವ ಊರಿನ ಯಾರು, ವಯಸ್ಸೆಷ್ಟು, ಯಾರನ್ನು ಅಗಲಿದ್ದಾರೆ ಎಂದು ಸಾಲುಸಾಲು ಸುದ್ದಿ, ಕೆಲವಕ್ಕೆ ಫೋಟೋ. ಅದನ್ನು ಒಂದಕ್ಷರ ಬಿಡದೆ ಓದಬೇಕು. ಓದಿದ್ದರಲ್ಲಿ ಅರ್ಧ ಜನ ಅಜ್ಜನ ಬಸ್ಸಿನಲ್ಲಿ ಕುಳಿತವರು. "ಇವ ಸಂತೆಕಟ್ಟೆಯಲ್ಲಿ ಹತ್ತುತ್ತಿದ್ದ, ಇಳಿಯುವಾಗ ಪ್ರತಿ ಸಲ ಕೊಡೆ ಮರೆಯುವವ," ಎನ್ನುತ್ತಿದ್ದರು. ಗೊತ್ತಿದ್ದವರ ಮನೆಗೆ ನಾನು ಫೋನ್ ಹಚ್ಚಿ ಕೊಡಬೇಕು, ಅವರು ಎರಡು ಮಾತು ಹೇಳುತ್ತಿದ್ದರು. ಹತ್ತಿರದವರಾದರೆ ರಿಕ್ಷಾ ಮಾಡಿಸಿ ಅಕ್ಕನ ಕೈ ಹಿಡಿದು ಹೋಗಿಬರುತ್ತಿದ್ದರು.

"ಮದುವೆಗೆ ಕರೆಯದೆ ಹೋಗ್ಬಾರದು, ಸಾವಿಗೆ ಕರೀಲಿ ಅಂತ ಕಾಯ್ಬಾರದು," ಎಂಬುದು ಅವರ ಮಾತು. "ಬೊಜ್ಜದ ಮೊದಲು ಹೋದ್ರೆ ಅದು ಸಾವಿನ ಮನೆ. ಬೊಜ್ಜ ಕಳೆದ ಮೇಲೆ ಹೋದ್ರೆ ಬರೀ ನೆಂಟರ ಮನೆ." ನಾನು ಕೊಂಕಣಿ ಮಾತಾಡುವ ಕ್ರೈಸ್ತರ ಮನೆಯ ಹುಡುಗಿ. ಹದಿಮೂರನೇ ದಿನದ ಕ್ರಿಯೆಗೂ ಊಟಕ್ಕೂ ಬೊಜ್ಜ ಎನ್ನುತ್ತಾರೆ ಎಂದು ಗೊತ್ತಿತ್ತು. ಅದಕ್ಕೆ ಇಷ್ಟು ಲೆಕ್ಕಾಚಾರ ಇದೆ ಎಂದು ಗೊತ್ತಿರಲಿಲ್ಲ.

ಪುಟ ಮುಗಿಯುವವರೆಗೆ ಏಳುವ ಹಾಗಿಲ್ಲ. ಮಧ್ಯದಲ್ಲಿ ಯಾರೂ ಬರಬಾರದೆಂದು ಬಾಗಿಲಿಗೆ ಚಿಲಕ ಹಾಕಿ, ಅದಕ್ಕೇ ಒರಗಿ ಕುರ್ಚಿ ಹಾಕಿ ಕೂರುತ್ತಿದ್ದರು. ನೀರು ಕುಡಿದು ಬರುತ್ತೇನೆ ಎಂದರೂ "ಕೊನೇ ಸ್ಟಾಪ್ ಬಂದಿಲ್ಲ, ಎಲ್ಲಿ ಇಳಿಯುವುದು?" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಗೆಳತಿಯರು ಬೀಚಿನಿಂದ ಕಳಿಸುವ ಫೋಟೋಗಳು ಫೋನಿನಲ್ಲಿ ಟಿಣ್ ಟಿಣ್ ಎನ್ನುವಾಗ, ನಾನು ಯಾರದೋ ಮೊಮ್ಮಕ್ಕಳನ್ನೂ ಮರಿಮಕ್ಕಳನ್ನೂ ಲೆಕ್ಕ ಹೇಳುತ್ತ ಆ ಕೋಣೆಯಲ್ಲಿ ಬೆವರುತ್ತಿದ್ದೆ.

ಪ್ರತಿ ವಾರ ಓದು ಮುಗಿದ ಮೇಲೆ ಅವರು ಕೇಳುವ ಪ್ರಶ್ನೆ ಒಂದೇ: "ಕಾಪುವಿನವರು ಯಾರಾದರೂ ಉಂಟಾ?"

ಕಾಪುವಿನಲ್ಲಿ ಅವರ ಡ್ರೈವರ್ ಇದ್ದರು. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಬುತ್ತಿ. ಆ ಡ್ರೈವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು, ಹಾಗಾಗಿ ಫೋನಿನಲ್ಲಿ ಮಾತಾಡುವಂತೆಯೂ ಇರಲಿಲ್ಲ. "ಯಾರು ಮೊದಲು ಇಳಿದ್ರೂ ಇನ್ನೊಬ್ಬ ಬಂದು ಕಳಿಸಿ ಕೊಡಬೇಕು ಅಂತ ನಮ್ಮೊಳಗೆ ಮಾತು ಉಂಟು," ಎಂದು ಅಜ್ಜ ಒಮ್ಮೆ ಹೇಳಿದರು. "ನನಗೆ ಕಣ್ಣಿಲ್ಲ, ಹೆಗಲು ಕೊಡ್ಲಿಕ್ಕೆ ಆಗ್ಲಿಕ್ಕಿಲ್ಲ. ಆದ್ರೆ ಅಲ್ಲಿ ನಾನು ಇರ್ಬೇಕು." ಆಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

ಎಂಟು ಶನಿವಾರ ಹೀಗೆ ಕಳೆಯಿತು. ಒಂಬತ್ತನೆಯ ಶನಿವಾರ ಅಕ್ಕ ಗೇಟಿನ ಹೊರಗೇ ನನಗಾಗಿ ಕಾಯುತ್ತಿದ್ದರು.

"ಕಾಪುವಿನ ಡ್ರೈವರ್ ಬುಧವಾರ ತೀರಿಕೊಂಡ್ರು," ಎಂದರು ಮೆಲ್ಲಗೆ. "ಅವರ ಮಗ ನನಗೆ ಫೋನ್ ಮಾಡಿದ್ದ. ಅಪ್ಪನಿಗೆ ಹೇಳ್ಲಿಲ್ಲ ನಾನು. ಇವತ್ತು ಪೇಪರಿನಲ್ಲಿ ಫೋಟೋ ಸಮೇತ ಬಂದುಂಟು. ಅದೊಂದು ಬಿಟ್ಟು ಓದು, ಆಯ್ತಾ?"

ಅವರ ಹೆದರಿಕೆ ಸುಳ್ಳಲ್ಲ. ಹಿಂದಿನ ವರ್ಷ ಸ್ವಂತ ತಮ್ಮ ಸತ್ತ ಸುದ್ದಿ ಕೇಳಿ ಅಜ್ಜ ಅಂಗಳದಲ್ಲೇ ಕುಸಿದು ಬಿದ್ದಿದ್ದರು. ಎದೆಗೆ ಎರಡು ಸ್ಟೆಂಟ್ ಹಾಕಿದ್ದರು. ಇನ್ನೊಂದು ಆಘಾತ ಆಗದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರಂತೆ.

"ಎಷ್ಟು ದಿನ ಅಂತ ಬಿಡುವುದು ಅಕ್ಕ?" ಎಂದು ಕೇಳಿದೆ.

"ಸಮಯ ನೋಡಿ ನಾನೇ ಹೇಳ್ತೇನೆ." ಹೀಗೆನ್ನುತ್ತ ಅಕ್ಕ ನನ್ನ ಹಾಳೆಯನ್ನು ಗೇಟಿನ ಕಂಬದ ಮೇಲಿಟ್ಟು ಸಹಿ ಹಾಕಿದರು. ಎರಡು ಗಂಟೆ ಎಂದು ಬರೆಯುವಲ್ಲಿ ಮೂರು ಎಂದು ಬರೆದರು. ನಾನು ನೋಡಿದೆ. ಅವರೂ ನೋಡಿದರು. ತಪ್ಪಾಗಿದೆ ಅಕ್ಕ ಎಂದು ನಾನು ಹೇಳಲಿಲ್ಲ. ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಆ ದಿನ ಓದುವಾಗ ಡ್ರೈವರ ಫೋಟೋದ ಮೇಲೆ ಹೆಬ್ಬೆರಳು ಇಟ್ಟುಕೊಂಡೆ. ಕಣ್ಣು ಕಾಣದವರ ಎದುರು ಫೋಟೋ ಮುಚ್ಚುವವಳಿಗೆ ಏನೆನ್ನಬೇಕು? ಕೊನೆಗೆ ಕಾಪುವಿನ ಪ್ರಶ್ನೆ ಬಂತು. "ಯಾರೂ ಇಲ್ಲ ಅಜ್ಜ," ಎಂದೆ. "ಪುಣ್ಯ," ಎಂದು ಅವರು ಚಿಲಕ ತೆಗೆದರು.

ಸೋಮವಾರ ಸರ್ ಹತ್ತಿರ ಹೋಗಿ, ನನ್ನನ್ನು ಬೀಚಿಗೆ ಹಾಕಿ, ಟೀ ಶರ್ಟೂ ಬೇಡ, ಎಂದು ಬೇಡಿಕೊಂಡೆ. ಅವರು ಫೈಲಿನಿಂದ ತಲೆಯೆತ್ತಲಿಲ್ಲ. "ಅರ್ಧದಲ್ಲಿ ಬಿಟ್ಟರೆ ಇಷ್ಟರವರೆಗೆ ಮಾಡಿದ ಗಂಟೆಯೂ ಇಲ್ಲ. ಅಜ್ಜನಿಗೆ ಪೇಪರ್ ಓದುವುದರಲ್ಲಿ ಎಂತ ಕಷ್ಟ ಮಾರಾಯ್ತಿ ನಿನಗೆ?" ಎಂದರು. ಎಂತ ಕಷ್ಟ ಎಂದು ಹೇಳಲು ಹೊರಟರೆ ಮೂರು ಗಂಟೆಯ ಸಹಿಯ ವಿಷಯವನ್ನೂ ಹೇಳಬೇಕಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ.

ಮುಂದಿನ ಶನಿವಾರದ ಪುಟ ತೆಗೆದೆ. ಡ್ರೈವರ ಉತ್ತರಕ್ರಿಯೆಯ, ಅಂದರೆ ಬೊಜ್ಜದ, ಪ್ರಕಟಣೆ ಕಾಲು ಪುಟ ತುಂಬಿತ್ತು: ಸೋಮವಾರ, ಸ್ವಗೃಹದಲ್ಲಿ, ಬಂಧುಮಿತ್ರರು ಬರಬೇಕು. ಅಂದರೆ ಅಜ್ಜ ಡ್ರೈವರಿಗೆ ಕೊಟ್ಟ ಮಾತನ್ನು ಅಷ್ಟಿಷ್ಟಾದರೂ ಉಳಿಸಿಕೊಳ್ಳಲು ಇನ್ನೆರಡೇ ದಿನ. ಅಕ್ಕ ಗೇಟಿನಲ್ಲಿ "ಅದನ್ನೂ ಬಿಡು" ಎಂದಷ್ಟೇ ಹೇಳಿ ಹೋಗಿದ್ದರು. ಬಿಟ್ಟೆ. ಉಳಿದದ್ದು ನಾಲ್ಕು ಸಣ್ಣ ಸುದ್ದಿ. ಐದು ನಿಮಿಷದಲ್ಲಿ ಮುಗಿಯಿತು.

"ಎಂತ, ಇಷ್ಟೇ?" ಅಜ್ಜ ಕಿವಿ ನೆಟ್ಟಗೆ ಮಾಡಿದರು. "ಏನೋ ಬಿಟ್ಟೆ ನೀನು. ಓದುವಾಗ ಒಂದು ಕಡೆ ನಿಂತೆ. ನಾನು ಕಂಡಕ್ಟರ್ ಮಗಾ, ಟಿಕೆಟ್ ಇಲ್ಲದವ ಎಲ್ಲಿ ಕೂತಿದ್ದಾನೆ ಅಂತ ನನಗೆ ಬೆನ್ನಿನಲ್ಲೇ ಗೊತ್ತಾಗ್ತದೆ."

ಹೆದರಿದವರ ನಾಲಿಗೆಗೆ ಮೂಳೆ ಇರುವುದಿಲ್ಲ. "ಹೌದಜ್ಜ, ಮೂಲೆಯಲ್ಲಿ ಒಂದು ಉಂಟು," ಎಂದುಬಿಟ್ಟೆ. "ಕೆಮ್ಮಣ್ಣು. ತೆಂಗಿನಕಾಯಿ ವ್ಯಾಪಾರಿ. ಎಪ್ಪತ್ತೆರಡು ವರ್ಷ. ಹಿಂದೆ ಕುವೈತಿನಲ್ಲಿದ್ದರು. ಪತ್ನಿ, ಮೂವರು ಪುತ್ರಿಯರನ್ನು ಅಗಲಿದ್ದಾರೆ." ಅದು ಕಾರ್ಕಳದ ನನ್ನ ಸ್ವಂತ ದೊಡ್ಡಪ್ಪನ ಚರಿತ್ರೆ, ಊರೊಂದು ಬದಲಾಯಿಸಿದ್ದೆ. ದೊಡ್ಡಪ್ಪ ಗಟ್ಟಿಮುಟ್ಟಾಗಿದ್ದರು. ಹೆಸರೆಂತ ಎಂದಾಗ, ನಮ್ಮವರಲ್ಲಿ ಹತ್ತು ಮನೆಗೊಬ್ಬರಿಗೆ ಇರುವ ಹೆಸರು ಹೇಳಿದೆ.

ಅಲ್ಲೇ ನಾನು ಹಾಳಾದದ್ದು. ಈ ಕರಾವಳಿಯಲ್ಲಿ ಯಾವ ಊರು, ಯಾವ ವ್ಯಾಪಾರ, ಯಾವ ಹೆಸರು ಹೇಳಿದರೂ ಅಂಥವರೊಬ್ಬರು ಇದ್ದೇ ಇರುತ್ತಾರೆ.

"ಅಯ್ಯೋ, ಅವನಾ!" ಅಜ್ಜ ಎದ್ದು ನಿಂತರು. "ಗೋಣಿ ಬಸ್ಸಿನ ಟಾಪಿಗೆ ಹಾಕಿ ಹಿಂದಿನ ಬಾಗಿಲಲ್ಲೇ ನಿಲ್ತಿದ್ದ. ನನ್ನ ಮಗಳ ಮದುವೆಗೆ ನೂರು ಕಾಯಿ ಕಳಿಸಿದವ ಮಾರಾಯ್ತಿ! ಎಷ್ಟು ಹೇಳಿದ್ರೂ ಪೈಸೆ ತೆಗೊಳ್ಳಲಿಲ್ಲ. ಅಂಗಿ ಕೊಡು, ಬಿಳಿದು. ಹೋಗುವ."

"ಫೋನ್ ಮಾಡಿದರೆ ಸಾಕಲ್ವಾ ಅಜ್ಜ?"

"ನಂಬರ್ ಉಂಟಾ?"

"ಇಲ್ಲ."

"ಮತ್ತೆ? ಹೋಗ್ಲೇಬೇಕು."

ಅಕ್ಕನಿಗೆ ಏಳು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಬಿಸಿಲು ಎಂದೆ, ಎದೆ ನೋವು ಬಂದೀತು ಎಂದೆ, ಅಕ್ಕ ಬೈಯುತ್ತಾರೆ ಎಂದೆ. "ನೀನು ಬರದಿದ್ರೆ ಬೇಡ, ಇಡೀ ರೂಟ್ ನನಗೆ ಗೊತ್ತುಂಟು," ಎಂದು ಕೋಲು ಕುಟ್ಟಿಕೊಂಡು ಮೆಟ್ಟಿಲು ಇಳಿದೇಬಿಟ್ಟರು. ಕಣ್ಣು ಕಾಣದವರನ್ನು ಹೆದ್ದಾರಿಗೆ ಒಬ್ಬರನ್ನೇ ಬಿಡಲು ಸಾಧ್ಯವೇ? ನಾಲಿಗೆಯಡಿ ಇಡುವ ಮಾತ್ರೆಯನ್ನು ಕಿಸೆಗೆ ಹಾಕಿಕೊಂಡು, ಬೀಗ ಹಾಕಿ, ಅಳುತ್ತ ಹಿಂದೆ ಓಡಿದೆ. ಗೇಟಿನ ಹತ್ತಿರವೇ ಒಂದು ರಿಕ್ಷಾ ಸಿಕ್ಕಿತು. ಆ ಹೊತ್ತಿನಲ್ಲಿ ರಿಕ್ಷಾ ಸಿಕ್ಕಿದ್ದಕ್ಕೂ ನನಗೆ ಸಿಟ್ಟು ಬಂತು.

ಹೆದ್ದಾರಿ ಮುಟ್ಟುವವರೆಗೆ ನನ್ನ ತಲೆಯಲ್ಲಿ ಓಡಿದ್ದು ಒಂದೇ. ಕೆಮ್ಮಣ್ಣಿಗೆ ಹೋಗಿ ಯಾರ ಬಾಗಿಲು ತಟ್ಟುವುದು? ತಟ್ಟಿದ ಬಾಗಿಲು ತೆಗೆದು ಆ ಕಾಯಿ ವ್ಯಾಪಾರಿಯೇ ಎಂತ ಬೇಕಿತ್ತು ಎಂದು ಕೇಳಿದರೆ? ಮನೆ ಸಿಗಲಿಲ್ಲ ಎಂದು ಹಿಂದೆ ಕರೆತರಬಹುದಿತ್ತು. ಆದರೆ ಕೆಮ್ಮಣ್ಣಿನ ಪ್ರತಿ ಅಂಗಡಿಯಲ್ಲೂ ಅಜ್ಜ ಕೇಳಿಯೇ ಕೇಳುತ್ತಾರೆ.

ಎಡಕ್ಕೆ ತಿರುಗಿದರೆ ಕೆಮ್ಮಣ್ಣಿನ ದಾರಿ, ಬಲಕ್ಕೆ ಕಾಪು. ನಾನು ಫೋನಿನಲ್ಲಿ "ಕಾಪು, ಮಾತಾಡಬೇಡಿ" ಎಂದು ಬರೆದು ರಿಕ್ಷಾದವರ ಕಣ್ಣೆದುರು ಹಿಡಿದೆ. ಅವರು ಕನ್ನಡಿಯಲ್ಲಿ ನನ್ನನ್ನು ದುರುದುರು ನೋಡಿ ಬಲಕ್ಕೆ ತಿರುಗಿಸಿದರು. ಧೈರ್ಯ ಬಂದು ಮಾಡಿದ್ದಲ್ಲ ಇದು. ಕೆಮ್ಮಣ್ಣಿನಲ್ಲಿ ಸಾವಿನ ಮನೆ ಇರಲಿಲ್ಲ, ಕಾಪುವಿನಲ್ಲಿ ಇತ್ತು, ಅಷ್ಟೇ.

"ಬಲಕ್ಕೆ ಯಾಕೆ?" ಅಜ್ಜ ತಕ್ಷಣ ಕೇಳಿದರು.

"ರಸ್ತೆ ಕೆಲಸ ನಡೀತಾ ಉಂಟಜ್ಜ. ಸುತ್ತಿ ಹೋಗ್ಬೇಕಂತೆ."

"ಈ ಹೆದ್ದಾರಿ ನನ್ನ ಬೊಜ್ಜಕ್ಕೂ ಮುಗಿಯುವುದಿಲ್ಲ," ಎಂದು ಗೊಣಗಿದರು. ಮತ್ತೆ ಕಾಯಿಯವನ ಕತೆ ಹೇಳುತ್ತ ಹೋದರು. ನಾನು ಹ್ಞೂಂ ಹ್ಞೂಂ ಎನ್ನುತ್ತಿದ್ದೆ. ಉದ್ಯಾವರದ ಸೇತುವೆ ಬಂತು. ಚಕ್ರದ ಶಬ್ದ ಬದಲಾಯಿತು, ಹೊಳೆಯ ಗಾಳಿ ಒಳಗೆ ನುಗ್ಗಿತು. ಅಜ್ಜನ ಮಾತು ಅರ್ಧಕ್ಕೆ ನಿಂತಿತು.

ರಿಕ್ಷಾ ಸೇತುವೆ ದಾಟಿತು. ಆಮೇಲೆ, "ಕೆಮ್ಮಣ್ಣಿಗೆ ಹೋಗುವಾಗ ಇಷ್ಟುದ್ದದ ಸೇತುವೆ ಇಲ್ಲ ಮಗಾ," ಎಂದರು.

ನಾನು ಮಾತ್ರೆ ಕೈಯಲ್ಲಿ ಹಿಡಿದುಕೊಂಡೆ.

"ಯಾವಾಗ?" ಎಂದು ಕೇಳಿದರು. ಯಾರು ಎಂದು ಕೇಳಲಿಲ್ಲ.

"ಹೋದ ವಾರದ ಬುಧವಾರ. ಪೇಪರಿನಲ್ಲಿ ಬಂದಿತ್ತಜ್ಜ. ನಾನು ಬಿಟ್ಟು ಓದಿದೆ."

"ಮಗಳಿಗೆ ಗೊತ್ತುಂಟಾ?"

"ಅಕ್ಕನಿಗೆ ಬೈಬೇಡಿ ಅಜ್ಜ," ಎಂದೆ. ಅವರು ಕುಸಿಯಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ. ಕೋಲಿನ ಹಿಡಿಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತ ಕೂತರು. ಅವರು ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ಬೊಜ್ಜ ಆಯ್ತಾ?"

"ಇಲ್ಲ. ಸೋಮವಾರ."

"ಹಾಗಾದ್ರೆ ಸಮಯ ಉಂಟು," ಎಂದು ಉಸಿರು ಬಿಟ್ಟರು. ಅಲ್ಲಿಂದ ಮುಂದೆ ರಿಕ್ಷಾಕ್ಕೆ ದಾರಿ ಹೇಳಿದ್ದು ಅವರೇ. ಕಾಪು ಪೇಟೆ ದಾಟಿದ ಮೇಲೆ ಎಲ್ಲಿ ತಿರುಗಬೇಕು, ಎಷ್ಟನೇ ಗೇಟು, ಎಲ್ಲವನ್ನೂ ಹೇಳಿದರು. ಒಂದೂ ತಪ್ಪಲಿಲ್ಲ.

ಅಂಗಳದಲ್ಲಿ ಸೋಮವಾರಕ್ಕೆಂದು ಶಾಮಿಯಾನದ ಕಂಬ ನೆಡುತ್ತಿದ್ದರು. ಚಾವಡಿಯಲ್ಲಿ ಡ್ರೈವರ ಫೋಟೋ, ಮುಂದೆ ದೀಪ. ಅವರ ಹೆಂಡತಿ ಒಳಗಿನಿಂದ ಬಂದರು. ತೆಳ್ಳಗಿನ ಮುದುಕಿ, ಕಣ್ಣು ಒಣಗಿತ್ತು. ಅಜ್ಜನನ್ನು ನೋಡಿ ಬಾಗಿಲ ಪಟ್ಟಿಯನ್ನು ಹಿಡಿದು ನಿಂತರು.

"ಈಗ ಬಂದಿರಾ ಕಂಡಕ್ಟ್ರೇ?" ಎಂದರು.

ಅಜ್ಜ ಚಪ್ಪಲಿ ಕಳಚಿ, ಸ್ವರ ಬಂದ ಕಡೆ ಕೈಮುಗಿದು, ಮತ್ತೆ ನನ್ನ ಹೆಗಲು ಹಿಡಿದು ನಿಂತರು.

"ಎತ್ತುವ ಮೊದಲು ಒಂದು ಗಂಟೆ ನಿಲ್ಲಿಸಿದೆವು, ನೀವು ಬರ್ತೀರಿ ಅಂತ. ಎಲ್ರೂ ಅವಸರ ಮಾಡಿದ್ರು. ನಾನೇ ಹೇಳಿದೆ, ಇಲ್ಲ, ಅವರು ಬಂದೇ ಬರ್ತಾರೆ ಅಂತ." ಅವರು ಒಂದು ಹೆಜ್ಜೆ ಮುಂದೆ ಬಂದರು. "ಮಗ ನಿಮ್ಮ ಮನೆಗೆ ಫೋನ್ ಮಾಡಿದ್ದಾನಲ್ಲ. ನಿಮಗೆ ಸುದ್ದಿ ಮುಟ್ಟಲಿಲ್ವಾ?"

ನಾನು ಬಾಯಿ ತೆರೆದೆ. ನಾನೇ ಮುಚ್ಚಿಟ್ಟದ್ದು ಎಂದು ಹೇಳಲು ನಿಜವಾಗಿಯೂ ಬಾಯಿ ತೆರೆದೆ. ನನ್ನ ಹೆಗಲ ಮೇಲಿದ್ದ ಅಜ್ಜನ ಕೈ ಒಮ್ಮೆಲೇ ಬಿಗಿಯಾಯಿತು, ಮೂಳೆ ನೋಯುವಷ್ಟು.

"ಮುಟ್ಟಿತ್ತು ಅತ್ತಿಗೆ," ಎಂದರು ಅಜ್ಜ. "ಮಗಳು ಆವತ್ತೇ ಹೇಳಿದ್ಲು. ನಾನೇ ಬರ್ಲಿಲ್ಲ."

"ಯಾಕೆ?"

"ಮನಸ್ಸು ಗಟ್ಟಿ ಆಗ್ಲಿಲ್ಲ. ತಪ್ಪಾಯ್ತು."

ಆ ಮುದುಕಿ ಬಾವಿಯಿಂದ ನೀರು ತರಿಸಿ ಕೊಟ್ಟರು, ಕುಡಿದೆವು. ಅಜ್ಜ ಫೋಟೋದ ಗಾಜನ್ನು ಬೆರಳಿನಿಂದ ಮುಟ್ಟಿ, ಚೌಕಟ್ಟನ್ನು ಒಂದು ಸುತ್ತು ಸವರಿದರು. ಸಾವಿನ ಮನೆಯಿಂದ ಹೊರಡುವಾಗ "ಬರ್ತೇನೆ" ಎಂದು ಹೇಳುವ ಕ್ರಮ ಇಲ್ಲ. ಹಾಗೇ ಇಳಿಯಬೇಕು. ಆದರೆ ಬೊಜ್ಜಕ್ಕೆ ಬನ್ನಿ ಎಂದು ಮನೆಯವರು ಹೇಳುವ ಕ್ರಮ ಇದೆ. ಅಜ್ಜ ಮೆಟ್ಟಿಲಲ್ಲಿ ಚಪ್ಪಲಿಗೆಂದು ಕಾಲಾಡಿಸುತ್ತ ನಿಂತರು. ಚಪ್ಪಲಿ ಅವರ ಕಾಲ ಬುಡದಲ್ಲೇ ಇತ್ತು. ಅವರು ಎಂತಕ್ಕೆ ತಡ ಮಾಡುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು, ಆ ಮುದುಕಿಗೂ ಗೊತ್ತಿತ್ತು. ಮುದುಕಿ ಒಳಗೆ ಹೋದರು. ಸೋಮವಾರ ಬನ್ನಿ ಎಂದು ಯಾರೂ ಹೇಳಲಿಲ್ಲ.

ಹಿಂದೆ ಬರುವಾಗ ರಿಕ್ಷಾದಲ್ಲಿ ನಾನು ಬಿಕ್ಕಿಬಿಕ್ಕಿ ಅತ್ತೆ. ಅಜ್ಜ ಒಂದೇ ಮಾತು ಹೇಳಿದರು: "ಕಾಯಿಯವ ಸತ್ತಿಲ್ಲ ಅಂತ ಗೊತ್ತಾಯ್ತು ನನಗೆ, ಆದ್ರೂ ಮನೆಯಲ್ಲಿ ಕೆಮ್ಮಣ್ಣು ಅಂತಲೇ ಹೇಳು. ಮಗಳು ನನ್ನ ಒಳ್ಳೇದಕ್ಕೆ ಮಾಡಿದ್ದು. ಗೊತ್ತಾದ್ರೆ ಜೀವಮಾನ ಕೊರಗ್ತಾಳೆ."

ಅಕ್ಕ ಆಗಲೇ ಮನೆಗೆ ಬಂದು, ಬೀಗ ನೋಡಿ ಗಾಬರಿಯಾಗಿ ಗೇಟಿನಲ್ಲಿ ನಿಂತಿದ್ದರು. ನನ್ನನ್ನು ಬದಿಗೆ ಎಳೆದು, "ಕಾಪುವಿನದ್ದು ಹೇಳ್ಲಿಲ್ಲ ಅಲ್ವಾ?" ಎಂದು ಪಿಸುಗುಟ್ಟಿದರು. "ಇಲ್ಲ ಅಕ್ಕ, ಪೇಪರಿನಲ್ಲಿ ಕಾಯಿ ವ್ಯಾಪಾರಿಯೊಬ್ಬರು ತೀರಿಕೊಂಡ ಸುದ್ದಿ ಇತ್ತು, ಕೆಮ್ಮಣ್ಣಿಗೆ ಹೋಗಿದ್ದು," ಎಂದೆ. ಅವರಿಗೆ ಹೋದ ಜೀವ ಬಂದಂತಾಯಿತು. ನಾನು ಹೊರಡುತ್ತೇನೆ ಎಂದರೂ ಬಿಡದೆ, ಒಳಗೆ ಕೂರಿಸಿ ಮೂವರಿಗೂ ಚಹಾ ತಂದರು.

"ಹೇಗಿದ್ದಾರಪ್ಪ ಆ ಮನೆಯವರು?" ಎಂದು 'ಕೆಮ್ಮಣ್ಣಿನ' ಮನೆಯ ವಿಚಾರ ಕೇಳಿದರು.

"ಹೆಂಡತಿ ತುಂಬಾ ಸೋತಿದ್ದಾಳೆ," ಎಂದರು ಅಜ್ಜ. "ನನ್ನ ಮೇಲೆ ಸಿಟ್ಟುಂಟು ಅವಳಿಗೆ."

"ನಿಮ್ಮ ಮೇಲೆ ಎಂತಕ್ಕೆ ಸಿಟ್ಟು?"

"ತಡವಾಗಿ ಹೋದೆ ಅಂತ."

ಅಕ್ಕ ನಕ್ಕುಬಿಟ್ಟರು. "ಇದೊಳ್ಳೆ ಕತೆ! ಇವತ್ತು ಪೇಪರಿನಲ್ಲಿ ಬಂದದ್ದು, ಇವತ್ತೇ ಓಡಿದ್ದೀರಿ. ಇನ್ನೆಷ್ಟು ಬೇಗ ಹೋಗ್ಬೇಕು?" ಎಂದು ನನ್ನ ಮುಖ ನೋಡಿದರು. "ಅಲ್ವಾ, ನೀನೇ ಹೇಳು!"

"ಹೌದಕ್ಕ," ಎಂದೆ ನಾನು.

ಅಜ್ಜನೂ ಹೌದೆಂದು ತಲೆಯಾಡಿಸಿ, ಚಹಾದ ಲೋಟಕ್ಕೆ ಕೈ ಚಾಚಿದರು.